ಹಿರಿಯರಿಗೆ ಸೂಪರ್ ಟಾಪ್-ಅಪ್ ಆರೋಗ್ಯ ವಿಮೆ: ಕೆಲವು ರಿನ್ಯೂವಲ್‌ಗಳ ನಂತರದ ವಿಮರ್ಶೆ

ಅರವತ್ತು ದಾಟಿದ ಅಪ್ಪ-ಅಮ್ಮನ ಹೆಸರಲ್ಲಿ 5 ಲಕ್ಷದ ಪಾಲಿಸಿ ಇದೆ, ಅದನ್ನೇ 15 ಲಕ್ಷಕ್ಕೆ ಏರಿಸೋಣ ಎಂದು ಹೊರಟರೆ ಪ್ರೀಮಿಯಂ ಕೇಳಿಯೇ ಬಹಳ ಜನ ವಾಪಸ್ ಬರುತ್ತಾರೆ. ಆಗ ಏಜೆಂಟರು ತೋರಿಸುವ ದಾರಿ ಸೂಪರ್ ಟಾಪ್-ಅಪ್, ಅಂದರೆ ಮೂಲ ಪಾಲಿಸಿಯ ಮೇಲೆ ಕೂರುವ ಎರಡನೇ ಪಾಲಿಸಿ. ದಾರಿ ಸರಿಯಾದದ್ದೇ. ನಾಲ್ಕೈದು ರಿನ್ಯೂವಲ್, ಒಂದೆರಡು ಕ್ಲೇಮು ದಾಟಿದ ಮೇಲೂ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಕಳೆದುಹೋಗುವುದು ಒಂದೇ ಜಾಗದಲ್ಲಿ: ಮೂಲ ಪಾಲಿಸಿಗೂ ಇದಕ್ಕೂ ನಡುವಿನ ಬೆಸುಗೆಯಲ್ಲಿ. ಆ ಬೆಸುಗೆ ಸರಿಯಿಲ್ಲದಿದ್ದರೆ ಎರಡು ಪಾಲಿಸಿ ಇಟ್ಟುಕೊಂಡೂ ಲಕ್ಷಗಟ್ಟಲೆ ಕೈಯಿಂದ ಕಟ್ಟಬೇಕಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಎರಡರಲ್ಲೂ ಡಿಡಕ್ಟಿಬಲ್ ಎಂಬ ಗೆರೆ ಇರುತ್ತದೆ. ಖರ್ಚು ಆ ಗೆರೆ ದಾಟಿದ ಮೇಲಷ್ಟೇ ಕಂಪನಿ ದುಡ್ಡು ಕೊಡುತ್ತದೆ. ಟಾಪ್-ಅಪ್‌ನಲ್ಲಿ ಒಂದೊಂದು ಸಲ ಆಸ್ಪತ್ರೆ ಸೇರಿದಾಗಲೂ ಗೆರೆಯನ್ನು ಹೊಸದಾಗಿ ದಾಟಬೇಕು. ಸೂಪರ್ ಟಾಪ್-ಅಪ್‌ನಲ್ಲಿ ಇಡೀ ಪಾಲಿಸಿ ವರ್ಷದ ಖರ್ಚನ್ನು ಒಟ್ಟು ಕೂಡಿಸುತ್ತಾರೆ. ಮೂಲ ಪಾಲಿಸಿ 5 ಲಕ್ಷ, ಡಿಡಕ್ಟಿಬಲ್ ಕೂಡ 5 ಲಕ್ಷ ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಮೂರು ಸಲ ಅಡ್ಮಿಟ್ ಆಗಿ ಬಿಲ್ಲು 3 ಲಕ್ಷ, 2.8 ಲಕ್ಷ, 1.5 ಲಕ್ಷ ಆಯಿತು. ಯಾವ ಬಿಲ್ಲೂ ಒಂಟಿಯಾಗಿ 5 ಲಕ್ಷ ಮುಟ್ಟಿಲ್ಲ, ಹಾಗಾಗಿ ಟಾಪ್-ಅಪ್‌ನಿಂದ ಬರುವುದು ಸೊನ್ನೆ. ಒಟ್ಟು 7.3 ಲಕ್ಷ ಆದ್ದರಿಂದ ಸೂಪರ್ ಟಾಪ್-ಅಪ್‌ನಿಂದ 2.3 ಲಕ್ಷ ಬರುತ್ತದೆ. ವಯಸ್ಸಾದವರಿಗೆ ಒಂದೇ ದೊಡ್ಡ ಬಿಲ್ಲಿಗಿಂತ ಹೀಗೆ ಮೇಲಿಂದ ಮೇಲೆ ಬರುವ ಮಧ್ಯಮ ಬಿಲ್ಲುಗಳೇ ಹೆಚ್ಚು. ಪ್ರೀಮಿಯಂನಲ್ಲಿ ಸ್ವಲ್ಪ ಉಳಿಯುತ್ತದೆಂದು ಹಿರಿಯರಿಗೆ ಬರೀ ಟಾಪ್-ಅಪ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ಡಿಡಕ್ಟಿಬಲ್ ಮೊತ್ತವನ್ನು ಯಾರು ಕಟ್ಟಿದರು ಎಂಬುದು ಸೂಪರ್ ಟಾಪ್-ಅಪ್ ಕಂಪನಿಗೆ ಸಾಮಾನ್ಯವಾಗಿ ಮುಖ್ಯವಲ್ಲ. ಮೂಲ ಪಾಲಿಸಿ ಕಟ್ಟಬಹುದು, ಮಗನ ಆಫೀಸಿನ ಗುಂಪು ವಿಮೆ ಕಟ್ಟಬಹುದು, ಉಳಿತಾಯದಿಂದ ನೀವೇ ಕಟ್ಟಬಹುದು. ಮೂಲ ಪಾಲಿಸಿಯೇ ಸಿಗದಷ್ಟು ಕಾಯಿಲೆ ಇರುವವರು 3 ಲಕ್ಷವನ್ನು ಎಫ್‌ಡಿಯಲ್ಲಿಟ್ಟು, 3 ಲಕ್ಷ ಡಿಡಕ್ಟಿಬಲ್‌ನ ಪಾಲಿಸಿ ಪ್ರಯತ್ನಿಸಬಹುದು. ಆದರೆ ಆಫೀಸಿನ ವಿಮೆಯನ್ನೇ ನೆಚ್ಚಿಕೊಂಡು 10 ಲಕ್ಷದ ಡಿಡಕ್ಟಿಬಲ್ ಆರಿಸುವುದು ದುಡುಕು. ಕೆಲಸ ಬಿಟ್ಟ ದಿನ ಆ ವಿಮೆ ಹೋಗುತ್ತದೆ, 10 ಲಕ್ಷದ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ.

ಈಗ ದುಡ್ಡು ಸೋರುವ ಜಾಗಗಳು. ಮೊದಲನೆಯದು ತಾರೀಖು. ಮೂಲ ಪಾಲಿಸಿ ಏಪ್ರಿಲ್‌ನಿಂದ ಮಾರ್ಚ್, ಸೂಪರ್ ಟಾಪ್-ಅಪ್ ಆಗಸ್ಟ್‌ನಿಂದ ಜುಲೈ ಎಂದುಕೊಳ್ಳಿ. ಜೂನ್‌ನಲ್ಲಿ 4 ಲಕ್ಷ, ಅಕ್ಟೋಬರ್‌ನಲ್ಲಿ 4 ಲಕ್ಷ ಖರ್ಚಾಯಿತು. ಮೂಲ ಪಾಲಿಸಿಗೆ ಎರಡೂ ಒಂದೇ ವರ್ಷದ್ದು, ಹಾಗಾಗಿ ಅದು ಒಟ್ಟು 5 ಲಕ್ಷ ಕೊಟ್ಟು ಕೈ ಮುಗಿಯುತ್ತದೆ. ಸೂಪರ್ ಟಾಪ್-ಅಪ್ ಲೆಕ್ಕದಲ್ಲಿ ಜೂನ್ ಹಿಂದಿನ ವರ್ಷಕ್ಕೆ, ಅಕ್ಟೋಬರ್ ಹೊಸ ವರ್ಷಕ್ಕೆ ಸೇರಿದವು. ಯಾವ ವರ್ಷವೂ 5 ಲಕ್ಷ ಮುಟ್ಟಲಿಲ್ಲ. ಉಳಿದ 3 ಲಕ್ಷ ಮನೆಯವರ ತಲೆಗೆ. ತಾರೀಖು ಒಂದೇ ಆಗಿದ್ದರೆ ಆ 3 ಲಕ್ಷ ಪೂರ್ತಿ ಸಿಗುತ್ತಿತ್ತು. ಹೊಸದಾಗಿ ಕೊಳ್ಳುವವರು ಮೂಲ ಪಾಲಿಸಿ ರಿನ್ಯೂ ಆಗುವ ದಿನವೇ ಇದೂ ಶುರುವಾಗುವಂತೆ ಅರ್ಜಿ ಹಾಕಿ. ವೈದ್ಯಕೀಯ ತಪಾಸಣೆ ಕೇಳುವ ಸಂಭವ ಇರುವುದರಿಂದ ತಿಂಗಳು, ಒಂದೂವರೆ ತಿಂಗಳು ಮುಂಚೆ ಆರಂಭಿಸಿದರೆ ತಾರೀಖು ಹೊಂದುತ್ತದೆ. ಈಗಾಗಲೇ ಬೇರೆ ತಾರೀಖಿನ ಹಳೆಯ ಪಾಲಿಸಿ ಇದ್ದವರು ಇದೊಂದೇ ಕಾರಣಕ್ಕೆ ಅದನ್ನು ಬಿಡಬಾರದು. ಹೊಸದು ತೆಗೆದುಕೊಂಡರೆ ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗಳಿಗೆ ಕ್ಲೇಮು ಸಿಗದ ಆರಂಭದ ಕಾಲ, ಮತ್ತೆ ಒಂದನೇ ದಿನದಿಂದ ಶುರು.

ಎರಡನೆಯದು ಕೊಠಡಿ ಬಾಡಿಗೆ. ಮೂಲ ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ಮಿತಿ ಇದೆ, 8,000ದ ರೂಮು ತೆಗೆದುಕೊಂಡಿರಿ. ಕಡಿತ ಬರೀ ಆ 3,000ಕ್ಕೆ ನಿಲ್ಲುವುದಿಲ್ಲ. ಐದನ್ನು ಎಂಟರಿಂದ ಭಾಗಿಸಿದರೆ ಶೇ. 62.5. ರೂಮಿನ ದರ್ಜೆಗೆ ತಕ್ಕಂತೆ ಏರುವ ಎಲ್ಲ ಬಾಬ್ತುಗಳನ್ನೂ, ಅಂದರೆ ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ಶುಲ್ಕಗಳನ್ನು, ಅದೇ ಪ್ರಮಾಣಕ್ಕೆ ಇಳಿಸುತ್ತಾರೆ. 5 ದಿನದ ರೂಮು 40,000 ಇದ್ದದ್ದು 25,000 ಆಯಿತು. ವೈದ್ಯರು ಮತ್ತು ಥಿಯೇಟರಿನ 1,60,000 ಇದ್ದದ್ದು 1,00,000 ಆಯಿತು. ಔಷಧ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳ ಮೇಲೆ ಈ ಅನುಪಾತದ ಕಡಿತ ಹಾಕುವಂತಿಲ್ಲ. ಅವು 1,50,000 ಇದ್ದರೆ ಹಾಗೇ ಉಳಿಯುತ್ತವೆ. ಒಟ್ಟು 3,50,000ದ ಬಿಲ್ಲಿನಲ್ಲಿ ಒಪ್ಪಿಗೆಯಾದದ್ದು 2,75,000. ಸೂಪರ್ ಟಾಪ್-ಅಪ್‌ನಲ್ಲೂ ಅದೇ ಮಿತಿ ಇದ್ದರೆ ಕತ್ತರಿಸಿದ ಆ 75,000 ಡಿಡಕ್ಟಿಬಲ್ ತುಂಬುವ ಲೆಕ್ಕಕ್ಕೂ ಬರುವುದಿಲ್ಲ, ಜೇಬಿಗೆ ಎರಡು ಕಡೆಯಿಂದ ಹೊಡೆತ. ಕೊಠಡಿ ಮಿತಿ ಇಲ್ಲದ ಸೂಪರ್ ಟಾಪ್-ಅಪ್‌ಗಳು ಸಾಕಷ್ಟಿವೆ, ಅದನ್ನೇ ಆರಿಸಿ. ಪ್ರೀಮಿಯಂ ಹೋಲಿಸುವ ಮುನ್ನ ನೋಡಬೇಕಾದ ಸಾಲು ಇದು. ಮೂಲ ಪಾಲಿಸಿಯಾಗಿ ಆರೋಗ್ಯ ಸಂಜೀವನಿ (ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿರುವ ಪಾಲಿಸಿ) ಇಟ್ಟುಕೊಂಡವರು ವಿಶೇಷವಾಗಿ ಎಚ್ಚರ ವಹಿಸಬೇಕು. ಅದರಲ್ಲಿ ರೂಮು ವಿಮಾ ಮೊತ್ತದ ಶೇ. 2, ಗರಿಷ್ಠ 5,000, ಐಸಿಯು ಶೇ. 5, ಗರಿಷ್ಠ 10,000. ಇದರ ಮೇಲೆ ಶೇ. 5 ಸಹಪಾವತಿ, ಅಂದರೆ ಒಪ್ಪಿಗೆಯಾದ ಮೊತ್ತದಲ್ಲೂ ಅಷ್ಟು ಪಾಲು ನೀವೇ ಕಟ್ಟಬೇಕು.

ಮೂರನೆಯದು ಕಾಯುವ ಅವಧಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮೂಲ ಪಾಲಿಸಿಗೆ ಎಂಟು ವರ್ಷ ಆಗಿದೆ, ಸಕ್ಕರೆ ಕಾಯಿಲೆ, ಬಿಪಿ ಎಲ್ಲಕ್ಕೂ ರಕ್ಷಣೆ ಇದೆ. ಹಾಗಂತ ಹೋದ ವರ್ಷ ಕೊಂಡ ಸೂಪರ್ ಟಾಪ್-ಅಪ್‌ಗೆ ಆ ಎಂಟು ವರ್ಷ ಜಮೆಯಾಗುವುದಿಲ್ಲ. ಅದರ ಗಡಿಯಾರ ಅದು ಕೊಂಡ ದಿನದಿಂದಲೇ. ಮೊದಲ 30 ದಿನ ಅಪಘಾತ ಬಿಟ್ಟು ಬೇರೇನಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಬಹುಪಾಲು ಪಾಲಿಸಿಗಳಲ್ಲಿ 24 ತಿಂಗಳು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು. 2024ರ ಏಪ್ರಿಲ್‌ಗೆ ಮುಂಚೆ ಈ ಮಿತಿ 48 ತಿಂಗಳಿತ್ತು. ಅದೇ ಸುತ್ತಿನ ಬದಲಾವಣೆಯಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊಸ ಪಾಲಿಸಿ ಕೊಳ್ಳಲು ಇದ್ದ 65ರ ವಯೋಮಿತಿಯ ಕಟ್ಟನ್ನೂ ಸಡಿಲಿಸಿತು. ಆದರೂ ಯಾವುದೇ ಕಂಪನಿ ಅರ್ಜಿಯನ್ನು ಆರೋಗ್ಯದ ಕಾರಣಕ್ಕೆ ನಿರಾಕರಿಸಬಹುದು. ಹಾಗಾಗಿ 55-58ರ ಹೊತ್ತಿಗೆ, ಇನ್ನೂ ಸ್ಟೆಂಟ್ ಬೀಳುವ ಮುಂಚೆಯೇ ಕೊಳ್ಳುವುದು ಜಾಣತನ.

ಘೋಷಣೆಯ, ಅಂದರೆ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ತಿಳಿಸುವ ವಿಷಯಕ್ಕೆ ಬಂದರೆ, ಅರ್ಜಿ ತುಂಬುವಾಗ ಏಜೆಂಟ್ "ಬಿಪಿ ಮಾತ್ರೆ ತಾನೇ, ಬರೆಯೋದು ಬೇಡ ಸಾರ್" ಎಂದರೆ ಆ ಅರ್ಜಿಯನ್ನು ಅಲ್ಲೇ ವಾಪಸ್ ತೆಗೆದುಕೊಳ್ಳಿ. ಎರಡು ಪಾಲಿಸಿಗಳ ಘೋಷಣೆ ಒಂದಕ್ಕೊಂದು ತಾಳೆಯಾಗಬೇಕು. ಮೂಲ ಪಾಲಿಸಿಯಲ್ಲಿ ಮಧುಮೇಹ 2015ರಿಂದ ಎಂದು ಬರೆದು, ಎರಡನೆಯದರಲ್ಲಿ ಖಾಲಿ ಬಿಟ್ಟರೆ, ಕ್ಲೇಮಿನ ಹೊತ್ತಿಗೆ ಅದು ಹೊರಬೀಳದೆ ಇರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಅಡ್ಮಿಷನ್ ವೇಳೆ ಡ್ಯೂಟಿ ಡಾಕ್ಟರ್ ಕೇಳಿದಾಗ ಜೊತೆಗಿದ್ದವರು ಗಾಬರಿಯಲ್ಲಿ "ಹತ್ತು ವರ್ಷದಿಂದ ಬಿಪಿ ಇದೆ" ಎಂದುಬಿಡುತ್ತಾರೆ, ನಿಜಕ್ಕೂ ಇದ್ದದ್ದು ನಾಲ್ಕು ವರ್ಷ. ಆ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೂತರೆ, ಪಾಲಿಸಿಗೆ ಮುಂಚಿನ ಕಾಯಿಲೆ ಮುಚ್ಚಿಟ್ಟಂತೆ ಕಂಡು, ಕ್ಲೇಮು ತಿರಸ್ಕಾರಕ್ಕೆ ಅಷ್ಟು ಸಾಕು. ಡಿಸ್ಚಾರ್ಜ್‌ಗೆ ಮುಂಚೆ ಸಮ್ಮರಿಯ ಕರಡು ಓದಿ. ತಪ್ಪಿದ್ದರೆ ಮೊದಲ ಚೀಟಿ ತೋರಿಸಿ, ರೋಗ ಮೊದಲು ಪತ್ತೆಯಾದ ತಾರೀಖು ಇರುವ ಪತ್ರವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ಕಾಯಿಲೆ ಮುಚ್ಚಿಟ್ಟಿರಿ ಎಂಬ ಕಾರಣ ಹೇಳಿ ಕ್ಲೇಮು ನಿರಾಕರಿಸುವಂತಿಲ್ಲ.

ಕ್ಲೇಮು ಮಾಡುವ ಕೆಲಸ ತಾಳ್ಮೆ ಬೇಡುತ್ತದೆ. ಎರಡೂ ಪಾಲಿಸಿ ಒಂದೇ ಕಂಪನಿಯದಾದರೆ ಅರ್ಧ ಓಡಾಟ ತಪ್ಪುತ್ತದೆ, ಕ್ಲೇಮ್ ನಂಬರ್ ಎರಡಾದರೂ ಕಡತ ಓದುವವರು ಒಬ್ಬರೇ. ಬೇರೆ ಬೇರೆ ಕಂಪನಿಯಾದರೆ ಆಸ್ಪತ್ರೆಯಲ್ಲಿ ವಿಮಾ ಕ್ಲೇಮು ನೋಡಿಕೊಳ್ಳುವ ಟಿಪಿಎ ಡೆಸ್ಕ್‌ನವರು ಒಂದೇ ಬಿಲ್ಲಿಗೆ ಎರಡು ಕಡೆ ಕ್ಯಾಶ್‌ಲೆಸ್ ಹಾಕಲು ಒಪ್ಪದಿರುವುದು ಮಾಮೂಲು. ಆಗ ಮೊದಲನೆಯದು ಕ್ಯಾಶ್‌ಲೆಸ್, ಎರಡನೆಯದು ನೀವು ಕಟ್ಟಿ ಆಮೇಲೆ ಪಡೆಯುವ ಮರುಪಾವತಿ. ಆದರೂ ಅಡ್ಮಿಟ್ ಆದ ದಿನವೇ ಎರಡೂ ಕಂಪನಿಗೆ ತಿಳಿಸಿ, ಇಂಟಿಮೇಷನ್ ನಂಬರ್ ಬರೆದಿಟ್ಟುಕೊಳ್ಳಿ. "ಬಿಲ್ಲು ಗೆರೆ ದಾಟಲಿ, ಆಮೇಲೆ ಹೇಳೋಣ" ಎಂದು ಕೂತವರಿಗೆ ತಡವಾಯಿತೆಂಬ ಆಕ್ಷೇಪಣೆ ಬಂದದ್ದುಂಟು.

ಮೂಲ ಕಾಗದಗಳೆಲ್ಲ ಮೊದಲ ಕಂಪನಿಗೆ ಹೋಗಿಬಿಡುತ್ತವೆ. ಎರಡನೆಯವರಿಗೆ ಬೇಕಾದದ್ದು ಆಸ್ಪತ್ರೆಯ ಮೊಹರು ಬಿದ್ದ ನಕಲುಗಳ ಒಂದು ಪೂರ್ತಿ ಕಟ್ಟು: ಡಿಸ್ಚಾರ್ಜ್ ಸಮ್ಮರಿ, ಅಂತಿಮ ಬಿಲ್ಲು, ಬಾಬ್ತುವಾರು ವಿವರ, ಔಷಧದ ಬಿಲ್ಲು ಮತ್ತು ಚೀಟಿ, ಲ್ಯಾಬ್ ವರದಿಗಳು, ಸ್ಟೆಂಟ್, ಮಂಡಿ ಅಥವಾ ಕಣ್ಣಿನ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್. ಇದನ್ನೆಲ್ಲ ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನಲ್ಲೇ ಕೇಳಿ ಪಡೆಯಬೇಕು. ಮೂರು ವಾರ ಬಿಟ್ಟು ಹೋದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದ ಮುಂದೆ ಸಾಲು ನಿಲ್ಲಬೇಕು. ಇವುಗಳ ಜೊತೆಗೆ ಮೊದಲ ಕಂಪನಿಯ ಸೆಟಲ್‌ಮೆಂಟ್ ಪತ್ರ ಬೇಕೇ ಬೇಕು. ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಕಡಿದರು ಎಂಬುದು ಸಾಲುಸಾಲಾಗಿ ಇರುವ ಪತ್ರವೇ ಆಗಬೇಕು, ಬ್ಯಾಂಕಿಗೆ ಬಂದ ಮೆಸೇಜ್ ನಡೆಯುವುದಿಲ್ಲ. ವರ್ಷದ ಶುರುವಿನಲ್ಲಿ ಆದ 40,000ದ ಸಣ್ಣ ಬಿಲ್ಲಿನ ಕಾಗದವನ್ನೂ ಎಸೆಯಬೇಡಿ. ಡಿಸೆಂಬರ್‌ನಲ್ಲಿ ಗೆರೆ ದಾಟಿದಾಗ ಅದೂ ಕೂಡಿಕೆಗೆ ಬರುತ್ತದೆ.

ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಗೆ ಮೂರು ಗಂಟೆ ಎಂದು ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದು ಕಂಪನಿಯ ಹೊಣೆ. ಈ ಗಡುವು ಕಂಪನಿಯ ಮೇಲಿದೆ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದ ಮೇಲಲ್ಲ. ಬೆಳಗ್ಗೆ ಡಾಕ್ಟರು ಮನೆಗೆ ಹೋಗಿ ಎಂದರೂ ಸಂಜೆವರೆಗೆ ಬಿಲ್ಲೇ ಕಳಿಸದಿದ್ದರೆ ಗಡಿಯಾರ ಶುರುವೇ ಆಗಿರುವುದಿಲ್ಲ. ಮೊದಲು ಟಿಪಿಎ ಡೆಸ್ಕ್‌ನಲ್ಲಿ ಬಿಲ್ಲು ಎಷ್ಟು ಗಂಟೆಗೆ ಹೋಯಿತು ಎಂದು ಕೇಳಿ.

ಬೆಲೆಯ ಬಗ್ಗೆ ದೊಡ್ಡ ದೂರಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ ಹೋಗಿದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ನಿಯಂತ್ರಕರೊಂದಿಗೆ ಸಮಾಲೋಚಿಸಬೇಕು ಎಂಬ ಆದೇಶ 2025ರ ಜನವರಿಯಲ್ಲಿ ಬಂದಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಹಿರಿಯರ ಪ್ರೀಮಿಯಂ ಮೇಲೆ 50,000ದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ, ನಗದಾಗಿ ಕಟ್ಟಿದರೆ ಇಲ್ಲ. ಅಪ್ಪ-ಅಮ್ಮನನ್ನು ಇಡೀ ಕುಟುಂಬ ಒಂದೇ ವಿಮಾ ಮೊತ್ತ ಹಂಚಿಕೊಳ್ಳುವ ನಿಮ್ಮ ಫ್ಲೋಟರ್‌ಗೇ ಸೇರಿಸಿದರೆ ಪ್ರೀಮಿಯಂ ಮನೆಯ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ಆಗ ಮೂಗಿಗಿಂತ ಮೂಗುತಿ ಭಾರ. ಅವರದು ಬೇರೆ ಇರಲಿ.

ಇದರ ಬದಲು ಮಾರಲು ಬರುವ ಬೇರೆ ಸರಕುಗಳ ಬಗ್ಗೆ ಎರಡು ಮಾತು. ಆಸ್ಪತ್ರೆ ದಿನಭತ್ಯೆ ಪಾಲಿಸಿ ದಿನಕ್ಕಿಷ್ಟು ಎಂದು ಕೊಡುತ್ತದೆ. ಆರೈಕೆಗೆ ನಿಂತವರ ಊಟ-ಓಡಾಟಕ್ಕೆ ಆದೀತು, ಬಿಲ್ಲಿಗೆ ಸಾಲದು. ಗಂಭೀರ ಕಾಯಿಲೆ ಪಾಲಿಸಿ ಪಟ್ಟಿಯಲ್ಲಿರುವ ಕಾಯಿಲೆ, ಅದೂ ಹೇಳಿದ ತೀವ್ರತೆಯಲ್ಲಿ ಬಂದರೆ ಒಂದೇ ಗಂಟು ಕೊಡುತ್ತದೆ. ಅರವತ್ತರ ನಂತರ ಅದರ ಪ್ರೀಮಿಯಂಗೂ ಲಾಭಕ್ಕೂ ತಾಳೆಯಾಗುವುದು ಕಷ್ಟ. 70 ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಖಾಸಗಿ ವಿಮೆ ಇದ್ದವರೂ ಅರ್ಹರು. ಸಿಜಿಎಚ್‌ಎಸ್, ಇಸಿಎಚ್‌ಎಸ್‌ನಂಥ ಸರ್ಕಾರಿ ಆರೋಗ್ಯ ಯೋಜನೆಯಲ್ಲಿರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಬೇಕು. ನೀವು ಹೋಗುವ ಆಸ್ಪತ್ರೆ ಆ ಕಾರ್ಡು ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿದೆಯೇ, ನಿಮಗೆ ಬೇಕಾದ ವಿಭಾಗಕ್ಕೆ ಇದೆಯೇ ಎಂದು ಮೊದಲು ವಿಚಾರಿಸಿ, ಅಲ್ಲಿಯವರೆಗೆ ಸೂಪರ್ ಟಾಪ್-ಅಪ್ ಕೈಬಿಡಬೇಡಿ.

ಕ್ಲೇಮು ತಿರಸ್ಕಾರವಾದರೆ ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಎಂಬ ದೂರು ಪೋರ್ಟಲ್‌ನಲ್ಲೂ ದಾಖಲಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಹೋಗಬೇಕು ಅಷ್ಟೆ. ಒಯ್ಯಬೇಕಾದದ್ದು ಅರ್ಜಿಯ ನಕಲು, ಪಾಲಿಸಿಯ ಪೂರ್ತಿ ಷರತ್ತು ಪುಸ್ತಿಕೆ, ತಿರಸ್ಕಾರ ಪತ್ರ. ಅರ್ಜಿಯ ನಕಲು ಬಹುತೇಕರ ಬಳಿ ಇರುವುದೇ ಇಲ್ಲ. ಪಾಲಿಸಿ ಕೈಗೆ ಬಂದ 30 ದಿನದ ಫ್ರೀ-ಲುಕ್ (ಬೇಡವೆನಿಸಿದರೆ ಪಾಲಿಸಿ ಹಿಂತಿರುಗಿಸಬಹುದಾದ) ಅವಧಿಯಲ್ಲೇ ಅದನ್ನು ತೆಗೆದು, ಏಜೆಂಟ್ ನಿಮ್ಮ ಪರವಾಗಿ ಯಾವ ಪ್ರಶ್ನೆಗೆ ಏನು ಟಿಕ್ ಮಾಡಿದ್ದಾರೆ ಎಂದು ಒಂದೊಂದಾಗಿ ನೋಡಿ. ತಪ್ಪಿದ್ದರೆ ಇಮೇಲ್‌ನಲ್ಲಿ ತಿದ್ದಿಸಿ, ತಿದ್ದುಪಡಿ ಪತ್ರವನ್ನು ಪಾಲಿಸಿಗೇ ಪಿನ್ ಮಾಡಿಡಿ.