ಕೊಡದ ನಾದವೂ ಬೇಕು, ಬೆರಳಿನ ತಾಕೂ ಬೇಕು: ನಮ್ಮ ಮನೆಯ ಮೊದಲ ಹೈ-ಫೈ ಸೆಟ್

ರಾಜಾಜಿನಗರದ ನಮ್ಮ ಹಾಲಿಗೆ ವಾರ್ಫ್‌ಡೇಲ್ ಡೈಮಂಡ್ 12.1 ಸ್ಪೀಕರ್ ಜೋಡಿ ಮತ್ತು ಡೆನಾನ್ ಪಿಎಂಎ-600ಎನ್‌ಇ ಆಂಪ್ಲಿಫೈಯರ್ ಬಂದು ಒಂದು ಮಳೆಗಾಲ ಕಳೆಯಿತು. ಹೊಸದು ಅನ್ನುವ ಸಂಭ್ರಮ ಇಳಿದಿದೆ, ಕಿವಿ ಪಳಗಿದೆ. ಈಗ ಬರೆಯಬಹುದು ಅನಿಸಿತು. 80,000 ರೂಪಾಯಿ ಆಸುಪಾಸಿನಲ್ಲಿ ಮೊದಲ ಸಲ ಒಂದು ಒಳ್ಳೆ ಸೆಟ್ ತಗೊಳ್ಳಬೇಕು, ಹಾಡು ಬೆಚ್ಚಗೆ ಕೇಳಬೇಕು, ಆದರೆ ಒಂದು ಎಳೆಯೂ ಮುಚ್ಚಿಹೋಗಬಾರದು ಅನ್ನುವವರಿಗೆ ಈ ಜೋಡಿಯನ್ನು ಮನಸಾರೆ ಹೇಳುತ್ತೇನೆ. ಒಂದೇ ಷರತ್ತು: ಮನೆಯ ಹಾಲನ್ನೂ ಸೆಟ್ಟಿನ ಭಾಗ ಅಂತಲೇ ಲೆಕ್ಕ ಹಾಕಬೇಕು.

ನನ್ನ ಕಿವಿ ಎಂಥದ್ದು ಅಂತ ಮೊದಲು ಹೇಳಬೇಕು ಅಲ್ವಾ? ನಾನು ವೀಣೆ ಕಲಿತವಳು. ಈಗಲೂ ಬೆಳಿಗ್ಗೆ ಅರ್ಧ ಗಂಟೆಯಾದರೂ ನುಡಿಸುತ್ತೇನೆ. ನಮ್ಮನೆ ವೀಣೆ ಹಲಸಿನ ಮರದ್ದು. ತಂತಿ ಮೀಟಿದಾಗ ಮೊದಲು ಬೆರಳಿನ ಸಣ್ಣ ತಾಕು ಕೇಳುತ್ತದೆ. ಆಮೇಲೆ ತಂತಿಯ ನಾದ. ಅದರ ಬೆನ್ನಿಗೇ ಕೊಡದೊಳಗಿಂದ, ಅಂದರೆ ವೀಣೆಯ ದುಂಡಗಿನ ಟೊಳ್ಳು ಭಾಗದಿಂದ, ಮರದ ಗುಂಗು ಎದ್ದು ಬರುತ್ತದೆ. ಈ ಮೂರೂ ಇದ್ದರೇ ವೀಣೆ. ತಾಕು ಮಾತ್ರ ಚೂಪಾಗಿ ಕೇಳಿ ಕೊಡ ಮಾಯವಾದರೆ ಅದು ಬೇರೆ ಯಾವುದೋ ವಾದ್ಯದ ಹಾಗಾಗುತ್ತದೆ. ಕೊಡ ಮಾತ್ರ ಉಳಿದು ಬೆರಳು ಮಾಯವಾದರೆ ಕಂಬಳಿ ಹೊದಿಸಿ ನುಡಿಸಿದ ಹಾಗೆ. ಬೆಚ್ಚಗಿನ ಶಬ್ದ ಬೇಕಾದರೆ ವಿವರ ಬಿಟ್ಟುಕೊಡಬೇಕು ಅಂತ ಅಂಗಡಿಗಳಲ್ಲಿ ಹೇಳುತ್ತಾರೆ. ವೀಣೆಯ ಪಕ್ಕ ಕೂತು ಕೇಳಿದವರು ಈ ಮಾತು ಒಪ್ಪುವುದಿಲ್ಲ. ಒಂದೇ ಮೀಟಿನಲ್ಲಿ ಎರಡೂ ಇರುತ್ತವೆ.

ಇದರ ಹಿಂದಿನ ಲೆಕ್ಕ ಸುಲಭ. ದನಿಯ ತುಂಬು, ಮರದ ಗುಂಗು ಹೆಚ್ಚಾಗಿ ಇರುವುದು 100ರಿಂದ 400 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ) ನಡುವೆ. ಹಾಡುವವರ ಸಕಾರದ ಚೂಪು ಇರುವುದು ತುಂಬಾ ಮೇಲೆ, ಹೆಚ್ಚಾಗಿ 5,000 ಹರ್ಟ್ಸ್ ಆಚೆ. ಕಡಿಮೆ ಬೆಲೆಯ ಎಷ್ಟೋ ಸ್ಪೀಕರುಗಳಲ್ಲಿ ಈ ಮೇಲಿನ ಭಾಗವನ್ನು ಸ್ವಲ್ಪ ಎತ್ತಿಟ್ಟಿರುತ್ತಾರೆ. ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿದಾಗ ಎಷ್ಟು ಸ್ಪಷ್ಟ ಅನಿಸುತ್ತದೆ. ಮನೆಯಲ್ಲಿ ಒಂದು ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ನಮ್ಮ ಹಳೆಯ ಚಿತ್ರಗೀತೆಗಳಿಗಂತೂ ಇದು ದೊಡ್ಡ ಅನ್ಯಾಯ. ಆ ರೆಕಾರ್ಡಿಂಗುಗಳಲ್ಲಿ ಮೊದಲೇ ಕೆಳಗಿನ ತುಂಬು ಕಡಿಮೆ. ಅದರ ಮೇಲೆ ಚೂಪು ಸ್ಪೀಕರ್ ಸೇರಿದರೆ ಪಿ.ಬಿ. ಶ್ರೀನಿವಾಸ್ ಅವರಂಥ ಮೆತ್ತಗಿನ ದನಿ ಕೂಡ ತಗಡಿನ ಡಬ್ಬದಿಂದ ಬಂದಂತಾಗುತ್ತದೆ.

ಹಾಗಾಗಿ ಕೇಳಿ ನೋಡುವುದಕ್ಕೆ ನನ್ನದೇ ಹಾಡುಗಳನ್ನು ತಗೊಂಡು ಹೋಗಿದ್ದೆ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಒಂದು ಆಲಾಪನೆ, ಪಿ.ಬಿ. ಶ್ರೀನಿವಾಸ್ ಅವರ ಒಂದು ಹಳೆ ಹಾಡು, ಸಿ. ಅಶ್ವತ್ಥ್ ಅವರ ಏರುದನಿಯ ಒಂದು ಭಾವಗೀತೆ. ಮೊದಲು ಹೋದ ಶೋರೂಮಿನಲ್ಲಿ ಇದನ್ನೆಲ್ಲ ಹಾಕಲು ಒಪ್ಪಲೇ ಇಲ್ಲ. ಅವರದೇ ಡೆಮೊ ಹಾಡು, ಅದೂ ಜೋರು ವಾಲ್ಯೂಮಿನಲ್ಲಿ. ಸ್ಪೀಕರ್ ಬಗ್ಗೆ ಕೇಳಿದರೆ ಕೇಬಲ್ ಬಗ್ಗೆ ಹೇಳಿದರು. ಸ್ಪೀಕರ್ ಬೆಲೆಯ ಅರ್ಧದಷ್ಟು ದುಡ್ಡಿನ ಕೇಬಲ್ ಇಲ್ಲದೆ ಇದು ಹಾಡುವುದೇ ಇಲ್ಲ ಅಂದರು. ಅಲ್ಲಿಂದ ಎದ್ದು ಬಂದೆ. ಇನ್ನೊಂದು ಅಂಗಡಿಯಲ್ಲಿ ಒಬ್ಬರು ಕುರ್ಚಿ ಹಾಕಿ, ಏಸಿ ಫ್ಯಾನಿನ ಸದ್ದು ಕಡಿಮೆ ಮಾಡಿ, ನಿಧಾನವಾಗಿ ಕೇಳಿ ಅಂತ ಬಿಟ್ಟು ಹೋದರು. ಖರೀದಿ ಮಾಡಿದ್ದು ಅಲ್ಲೇ.

ಎರಡು ಸ್ಪೀಕರ್ ಹೋಲಿಸುವಾಗ ಒಂದು ವಿಷಯ ಮರೆಯಬೇಡಿ. ಸ್ವಲ್ಪ ಜೋರಾಗಿ ಕೇಳುವುದೇ ಮನಸ್ಸಿಗೆ ಚೆನ್ನಾಗಿದೆ ಅನಿಸುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ ಇದ್ದರೂ ಸಾಕು, ಅದು ಜೋರು ಅಂತ ಗೊತ್ತಾಗುವುದಿಲ್ಲ, ಚೆನ್ನ ಅಂತ ಗೊತ್ತಾಗುತ್ತದೆ. ಸ್ಪೀಕರ್ ಬದಲಿಸಿದಾಗ ವಾಲ್ಯೂಮ್ ನಾಬನ್ನು ಅಲ್ಲೇ ಬಿಟ್ಟರೆ ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದು) ಜಾಸ್ತಿ ಇರುವುದೇ ಗೆಲ್ಲುತ್ತದೆ. ಫೋನಿನಲ್ಲಿ ಸೌಂಡ್ ಮೀಟರ್ ಆಪ್ ಹಾಕಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಆಮೇಲೆ ವಾಲ್ಯೂಮ್ ಇಳಿಸಿ, ರಾತ್ರಿ ಮನೆಯಲ್ಲಿ ಕೇಳುವಷ್ಟೇ ಇಟ್ಟು ಇನ್ನೊಮ್ಮೆ ಕೇಳಿ. ನನ್ನ ನಿರ್ಧಾರ ಆಗಿದ್ದು ಆ ಸಣ್ಣ ವಾಲ್ಯೂಮಿನಲ್ಲಿ.

ಎಲಾಕ್ ಡೆಬ್ಯೂ ಬಿ5.2 ಕೇಳಿದೆ. ಆಂಡ್ರ್ಯೂ ಜೋನ್ಸ್ ಅನ್ನುವ ಹೆಸರಾಂತ ಸ್ಪೀಕರ್ ತಜ್ಞರು ವಿನ್ಯಾಸ ಮಾಡಿದ್ದು. ಗಟ್ಟಿ ಬಾಸ್, ಗಂಭೀರ ಶಬ್ದ. ಆದರೆ ಸೆನ್ಸಿಟಿವಿಟಿ 86 ಡೆಸಿಬೆಲ್, ಇಂಪಿಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) 6 ಓಮ್. ಸ್ವಲ್ಪ ಎತ್ತಿ ಕೇಳಿದರೆ ಸೊಗಸು, ಸಣ್ಣಗೆ ಇಟ್ಟರೆ ನನಗೆ ಮಂಕು ಅನಿಸಿತು. ಕ್ಯೂ ಅಕೌಸ್ಟಿಕ್ಸ್ 3020ಐ ಇದಕ್ಕಿಂತ ಹತ್ತಿರ ಬಂತು. ಹೆಣ್ಣು ದನಿ ಅದರಲ್ಲಿ ತುಂಬಾ ಚೆಂದ. ಎಸ್. ಜಾನಕಿ ಹಾಡು ಮಾತ್ರ ಕೇಳುವವಳಾಗಿದ್ದರೆ ಅದನ್ನೇ ತರುತ್ತಿದ್ದೆನೇನೋ. ಆದರೆ ವೀಣೆಯ ಕೊಡ ಡೈಮಂಡಿನಲ್ಲೇ ಚೆನ್ನಾಗಿ ಕೇಳಿತು.

ವಾರ್ಫ್‌ಡೇಲ್ ಹಳೆಯ ಹೆಸರು. ಗಿಲ್ಬರ್ಟ್ ಬ್ರಿಗ್ಸ್ ಅನ್ನುವವರು 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ತಮ್ಮ ಮನೆಯ ನೆಲಮಾಳಿಗೆಯಲ್ಲಿ ಶುರು ಮಾಡಿದ್ದು. 1980ರ ದಶಕದ ಆರಂಭದಲ್ಲಿ ಬಂದ ಪುಟ್ಟ ಡೈಮಂಡ್ ಕಡಿಮೆ ಬೆಲೆಗೆ ಒಳ್ಳೆ ಸ್ಪೀಕರ್ ಅಂತ ಹೆಸರು ಮಾಡಿತು. ಆ ಸಾಲಿನದ್ದೇ ಈ 12.1. ಸುಮಾರು ಒಂದು ಅಡಿ ಎತ್ತರ. ಕೆಳಗಿನ, ನಡುವಿನ ಶಬ್ದಕ್ಕೆ 130 ಮಿಲಿಮೀಟರಿನ ಕೋನ್, ಅದರ ಮೇಲೆ ಮೇಲಿನ ಶಬ್ದಕ್ಕೆ 25 ಮಿಲಿಮೀಟರಿನ ಬಟ್ಟೆಯ ಗುಮ್ಮಟದ ಟ್ವೀಟರ್. ಕೋನ್ ಪಾಲಿಪ್ರೊಪಿಲೀನಿಗೆ ಅಭ್ರಕ ಬೆರೆಸಿ ಮಾಡಿದ್ದು. ಮೇಲಿನ ಶಬ್ದ ಚುಚ್ಚುವುದಿಲ್ಲ, ಆದರೆ ಇಲ್ಲದೆಯೂ ಇಲ್ಲ. ದೊರೆಸ್ವಾಮಿ ಅಯ್ಯಂಗಾರ್ ಗಮಕದಲ್ಲಿ ತಂತಿಯನ್ನು ಎಳೆಯುವಾಗ ವೀಣೆಯ ಮೆಟ್ಟಿಲ (ಬೆರಳಿಡುವ ಲೋಹದ ಪಟ್ಟಿ) ಮೇಲೆ ತಂತಿ ಉಜ್ಜುವ ಸಣ್ಣ ಸರಕ್ ಇದೆಯಲ್ಲ, ಅದು ಕೇಳುತ್ತದೆ. ಮೀಟು ನಿಂತ ಮೇಲೆ ನಾದ ಕರಗುತ್ತಾ ಹೋಗುವುದು ಕೊನೆತನಕ ಕೇಳುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ನನ್ನ ಎಡಗೈ ಬೆರಳು ತಾನಾಗಿ ಮಡಿಲ ಮೇಲೆ ಆಡಿತು.

ಡೆನಾನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತನ್ನ ಕೆಲಸ ಸುಮ್ನೆ ಮಾಡಿಕೊಂಡು ಹೋಗುವ ಯಂತ್ರ. 8 ಓಮಿನ ಸ್ಪೀಕರಿಗೆ, ಒಂದೊಂದು ಬದಿಗೆ 45 ವಾಟ್. ಇಷ್ಟೇನಾ ಅಂತ ಕೇಳುವವರಿದ್ದಾರೆ. 88 ಡೆಸಿಬೆಲ್ ಸೆನ್ಸಿಟಿವಿಟಿ ಇರುವ ಸ್ಪೀಕರಿಗೆ ನಮ್ಮಂಥ ಹಾಲಿನಲ್ಲಿ, ಮಾತಾಡುವಷ್ಟು ಮಟ್ಟದಲ್ಲಿ ಕೇಳಲು ಒಂದು ವಾಟ್ ಕೂಡ ಬೇಕಾಗುವುದಿಲ್ಲ. ಮಿಕ್ಕಿದ್ದು ಮೃದಂಗದ ತನಿ (ಮೃದಂಗ ಒಂಟಿಯಾಗಿ ನುಡಿಯುವ ಭಾಗ) ಬಂದಾಗ ಒಮ್ಮೆಲೇ ಏಳುವ ಪೆಟ್ಟುಗಳಿಗೆ. ಬ್ಲೂಟೂತ್ ಇದೆ, ಬೆಳಕಿನ ಕೇಬಲ್ಲಿನಲ್ಲಿ ಶಬ್ದ ತರುವ ಆಪ್ಟಿಕಲ್ ಇದೆ, ಮುಂದೆ ಯಾವತ್ತಾದರೂ ರೆಕಾರ್ಡ್ ಪ್ಲೇಯರ್ ತಂದರೆ ಅದನ್ನು ಜೋಡಿಸಲು ಎಂಎಂ ಫೋನೋ ಕೂಡ ಇದೆ. ಟಿವಿಯಿಂದ ಆಪ್ಟಿಕಲ್ ಎಳೆಯುವವರು ಟಿವಿಯ ಆಡಿಯೊ ಸೆಟ್ಟಿಂಗಿನಲ್ಲಿ ಪಿಸಿಎಂ ಅಂತ ಆರಿಸಿ. ಡಾಲ್ಬಿ ಅಂತ ಇದ್ದರೆ ಶಬ್ದವೇ ಬರುವುದಿಲ್ಲ. ಇನ್ನೂ ಸ್ವಲ್ಪ ದುಡ್ಡು ಇದ್ದಿದ್ದರೆ ಮರಾಂಟ್ಜ್ ಪಿಎಂ6007 ತರಬಹುದಿತ್ತು. ಅದರದ್ದೂ 45 ವಾಟೇ, ದನಿ ಇನ್ನೂ ಒಂದು ಚೂರು ದುಂಡು. ಆದರೆ ಮೊದಲ ಸೆಟ್ಟಿಗೆ ಆ ಹೆಚ್ಚಿನ ದುಡ್ಡನ್ನು ಸ್ಪೀಕರ್ ಸ್ಟ್ಯಾಂಡಿಗೆ, ಕೋಣೆಗೆ ಹಾಕುವುದು ಲೇಸು ಅಂತ ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ ಬೆಂಗಳೂರಿನ ಮನೆಗಳನ್ನು ನೋಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ತಲೆ ಮೇಲೆ ಕಾಂಕ್ರೀಟ್, ಒಂದು ಕಡೆ ದೊಡ್ಡ ಗಾಜಿನ ಕಿಟಕಿ, ಇನ್ನೊಂದು ಕಡೆ ಗಾಜಿನ ಶೋಕೇಸ್. ಹಾಲಿನ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಅಂತ ಒಂದು ಲೋಹದ ಬಾಲ ಅದರ ಹಿಂದೆ ಬಂದರೆ ಯಾವ ಸ್ಪೀಕರ್ ತಂದರೂ ಆ ಬಾಲ ಹಾಡಿಗೂ ಅಂಟಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಸ್ಪೀಕರ್ ಮತ್ತು ಸೋಫಾ ನಡುವಿನ ನೆಲಕ್ಕೆ ದಪ್ಪ ಜಮಖಾನೆ ಹಾಸಿದೆವು. ಕಿಟಕಿಗೆ ತೆಳು ಪರದೆಯ ಬದಲು ನೆರಿಗೆ ಜಾಸ್ತಿ ಇರುವ ದಪ್ಪ ಪರದೆ ಬಂತು. ಸೋಫಾದ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸರಿಸಿದೆವು. ಅಶ್ವತ್ಥ್ ದನಿ ತಾರಕ್ಕೆ ಏರಿದಾಗ ಮೊದಲು ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಈಗ ಆ ಏರು ಎದೆಗೆ ನೇರ ಬರುತ್ತದೆ.

ಡೈಮಂಡ್ 12.1ಕ್ಕೆ ಬೆನ್ನಿನಲ್ಲಿ ಗಾಳಿಗಿಂಡಿ ಇದೆ. ಗೋಡೆಗೆ ಅಂಟಿಸಿ ಇಟ್ಟರೆ ಕೆಳಗಿನ ಶಬ್ದ ಉಬ್ಬುತ್ತದೆ. ನಮ್ಮಲ್ಲಿ ಮೊದಲ ದಿನ ಟಿವಿ ಯೂನಿಟ್ಟಿನ ಮೇಲೆ, ಗೋಡೆಗೆ ಒಂದು ಗೇಣು ದೂರದಲ್ಲಿ ಇಟ್ಟು ಕೇಳಿದೆವು. ಮೃದಂಗದ ಗುಮ್ಕಿ (ಎಡಬದಿಯ ಜಾರುನಾದ) ಎಲ್ಲ ಒಂದೇ ಧುಂ ಆಗಿ, ಶೋಕೇಸಿನ ಗಾಜು ಜೊತೆಗೆ ನಡುಗಿತು. ಒಂದು ಅಡಿ ಮುಂದೆ ತಂದಾಗ ಎಡಗೈ ಚರ್ಮದ ಮೇಲೆ ಒತ್ತಿ ಜಾರುವುದು, ಆ ಜಾರಿನಲ್ಲಿ ಶ್ರುತಿ ಮೇಲೇರುವುದು ಬಿಡಿಬಿಡಿಯಾಗಿ ಕೇಳಿತು. ಅದೇ ಸ್ಪೀಕರ್, ಅದೇ ಹಾಡು. ಒಂದು ರೂಪಾಯಿ ಖರ್ಚಿಲ್ಲ.

ಸ್ಟ್ಯಾಂಡ್ ಮಾಡಿಸಿದ್ದು ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. 24 ಇಂಚು ಎತ್ತರ, ಚೌಕ ಪೈಪು, ಒಳಗೆ ಒಣ ಮರಳು ತುಂಬಿ ಮೇಲೆ ಮುಚ್ಚಿದ್ದಾರೆ. ಮರಳು ಇದ್ದರೆ ಪೈಪು ತಾನೇ ಗುಂಯ್ ಅನ್ನುವುದಿಲ್ಲ. ಸೋಫಾದಲ್ಲಿ ಕೂತಾಗ ಟ್ವೀಟರ್ ಹೆಚ್ಚುಕಡಿಮೆ ಕಿವಿಯ ಮಟ್ಟಕ್ಕೆ ಬರಬೇಕು, ಅಷ್ಟೇ ಲೆಕ್ಕ. ಎರಡು ಸ್ಪೀಕರ್ ನಡುವಿನ ದೂರ, ನಮ್ಮಿಂದ ಸ್ಪೀಕರಿಗೆ ಇರುವ ದೂರ ಹೆಚ್ಚುಕಡಿಮೆ ಒಂದೇ ಇರಲಿ.

ವೈರಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಸಾಕು. 14 ಗೇಜಿನ ಶುದ್ಧ ತಾಮ್ರದ ವೈರ್ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಕೂಡ ನೋಡಲು ಹಾಗೇ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಬೇಡ ಅನ್ನಿ. ವೈರಿನ ತುದಿಗೆ ಹಾಕುವ ಬನಾನಾ ಪ್ಲಗ್ ಅಲ್ಲೇ ಸಿಗುತ್ತದೆ.

ವೈರ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ, ನನಗೆ ತುಂಬಾ ಇಷ್ಟವಾದದ್ದು ಇದು. 1960ರ ದಶಕದ ಒಂದು ಕನ್ನಡ ಚಿತ್ರಗೀತೆ ಹಾಕಿ. ಆ ಕಾಲದ ಹಾಡುಗಳೆಲ್ಲ ಸಾಮಾನ್ಯವಾಗಿ ಮಾನೊ, ಎರಡೂ ಸ್ಪೀಕರಿನಲ್ಲಿ ಒಂದೇ ಶಬ್ದ. ಜೋಡಣೆ ಸರಿ ಇದ್ದರೆ ದನಿ ಯಾವ ಪೆಟ್ಟಿಗೆಯಿಂದಲೂ ಬರುವುದಿಲ್ಲ. ಎರಡರ ನಡುವಿನ ಖಾಲಿ ಜಾಗದಿಂದ ಬರುತ್ತದೆ. ದನಿ ಒಂದು ಕಡೆ ವಾಲಿದರೆ ಸ್ಪೀಕರನ್ನು ಸ್ವಲ್ಪ ಸರಿಸಿ, ಒಳಮುಖವಾಗಿ ತಿರುಗಿಸಿ. ದನಿ ಎಲ್ಲೂ ನಿಲ್ಲದೆ ಚದುರಿ, ಬಾಸ್ ಕೂಡ ತೆಳ್ಳಗಾಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲು ಬದಲಾಗಿರುತ್ತದೆ. ಅದನ್ನು ಸರಿಮಾಡಿದ ತಕ್ಷಣ ಹಾಡುಗಾರರು ಎದುರಿಗೆ ಬಂದು ನಿಲ್ಲುತ್ತಾರೆ.

ಕರೆಂಟ್ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ, ಕರೆಂಟ್ ಹೋದಾಗ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡಬಹುದು. ಆ ಹೊತ್ತಿಗೆ ಸೆಟ್ ಆಫ್ ಮಾಡುವುದು ಒಳ್ಳೆಯದು, ಇಲ್ಲವೇ ಸೈನ್ ವೇವ್ ಇನ್ವರ್ಟರ್ ಇರಬೇಕು.

ಇದು ಎಲ್ಲರಿಗೂ ಹೊಂದುವ ಸೆಟ್ ಅಲ್ಲ. ಡೊಳ್ಳು, ತಮಟೆಯ ಹೊಡೆತ ಹೊಟ್ಟೆಗೆ ತಾಕಬೇಕು ಅನ್ನುವವರಿಗೆ ಇಷ್ಟು ಸಣ್ಣ ಪೆಟ್ಟಿಗೆ ಸಾಲದು. ಪಾರ್ಟಿ ಮಾಡುವವರಿಗೂ ಸಾಲದು. ಡೆನಾನಿನಲ್ಲಿ ವೈ-ಫೈ ಇಲ್ಲ, ಸ್ಟ್ರೀಮಿಂಗಿಗೆ ಫೋನಿನ ಬ್ಲೂಟೂತೇ ಗತಿ. ಬ್ಲೂಟೂತ್ ಬೇಡ ಅನಿಸಿದರೆ ಆಪ್ಟಿಕಲ್ ಔಟ್ ಇರುವ ಒಂದು ಚಿಕ್ಕ ಸ್ಟ್ರೀಮರ್ (ಇಂಟರ್ನೆಟ್ಟಿನಿಂದ ಹಾಡು ತರುವ ಪೆಟ್ಟಿಗೆ) ಸೇರಿಸಬಹುದು. ಬಾಸಿಗೆಂದೇ ಇರುವ ಸಬ್‌ವೂಫರ್ ಜೋಡಿಸಲು ಪ್ರೀ-ಔಟ್ ಇದೆ. ಆದರೆ ಜಮಖಾನೆ, ಪರದೆ ಆಗುವ ಮೊದಲು ಸಬ್‌ವೂಫರ್ ತರಬೇಡಿ.

ಬೆಲೆ ಹಬ್ಬದ ಸಮಯಕ್ಕೆ ಇಳಿಯುತ್ತದೆ, ಚೌಕಾಸಿಗೂ ಜಾಗ ಇರುತ್ತದೆ. ತಗೊಳ್ಳುವಾಗ ಭಾರತದ ವಿತರಕರ ವಾರಂಟಿ ಕಾರ್ಡ್ ಇದೆಯಾ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಾಕ್ಸ್, ಥರ್ಮಾಕೋಲ್ ಎಸೆಯಬೇಡಿ, ಅಟ್ಟದ ಮೇಲಿಡಿ. ಸರ್ವಿಸಿಗೆ ಕಳಿಸಬೇಕಾಗಿ ಬಂದರೆ ಬೇಕಾಗುತ್ತದೆ.