ಮಡಿಕೇರಿ ಮಳೆಗಾಲಕ್ಕೆ ಹೇಳಿ ಮಾಡಿಸಿದ ರೋಯಿಂಗ್ ಮಷೀನ್

ಜೂನ್ ಜುಲೈಲಿ ಮಡಿಕೇರಿಲಿ ಹೊರಗಡೆ ಓಡೋಕೆ ಎಲ್ಲಾಗುತ್ತೆ ಹೇಳಿ, ಹಂಗಾಗಿ ನಮ್ ಜಿಮ್‌ಗೆ ಕಾನ್ಸೆಪ್ಟ್ 2 ಕಂಪನಿಯ ರೋಯಿಂಗ್ ಮಷೀನ್ (ಕೂತಲ್ಲೇ ದೋಣಿ ಹುಟ್ಟು ಹಾಕೋ ತರ ವ್ಯಾಯಾಮ ಮಾಡೋದು) ಬಂದಿದ್ದು ತುಂಬಾ ಖುಷಿ. ಕೋಚ್ ಚೆನ್ನಾಗಿ ಕಲಿಸ್ತಾರೆ, ಮೊದಲು ಕಾಲಲ್ಲಿ ಒದ್ದು, ಆಮೇಲೆ ಸೊಂಟದಿಂದ ಹಿಂದಕ್ಕೆ ವಾಲಿ, ಕೊನೆಗೆ ಹ್ಯಾಂಡಲ್ ಎದೆ ಕೆಳಗಿನವರೆಗೂ ಎಳೀಬೇಕು, ವಾಪಸ್ ಬರೋವಾಗ ಪೂರ್ತಿ ಉಲ್ಟಾ, ಕೈ ಮಂಡಿ ದಾಟಿದ ಮೇಲೇನೇ ಮಂಡಿ ಮಡಚೋದು. ಪಕ್ಕದ ಡ್ಯಾಂಪರ್ (ಒಳಗೆ ಹೋಗೋ ಗಾಳಿ ಹೆಚ್ಚು ಕಮ್ಮಿ ಮಾಡೋ ಲಿವರ್) 10ಕ್ಕೆ ಇಟ್ಟು ಸೊಂಟ ನೋಯಿಸ್ಕೋಬೇಡಿ, ಹೊಸಬರಿಗೆ 3ರಿಂದ 5 ಸಾಕು, ಸ್ಪೀಡ್ ಬರೋದು ಕಾಲಿಂದ.

ಆದ್ರೆ ಇಷ್ಟಕ್ಕೇ ದೋಣಿ ನಡೆಸೋಕೆ ಬಂತು ಅಂತಲ್ಲ. ನೀರಲ್ಲಿ ಬ್ಯಾಲೆನ್ಸ್ ಹಿಡಿಯೋದು, ಹುಟ್ಟು ತಿರುಗಿಸಿ ನೀರಿಗೆ ಇಳಿಸೋದು ಇದ್ಯಾವ್ದೂ ಮಷೀನ್ ಕಲಿಸಲ್ಲ. ಹಾರಂಗಿ ಕಡೆ ಯಾರಾದ್ರೂ ಹೇಳಿಕೊಡೋರಿದ್ರೆ ತಿಳಿಸಿ, ಖಂಡಿತ ಬರ್ತೀನಿ.