‘ವಾಹನವಿಲ್ಲದ ಸುಲಭ ದಾರಿ’ ಎಂಬ ಒಂದು ಸಾಲು ನೋಡಿ ಕಾಡಿಗೆ ಸೈಕಲ್ ಇಳಿಸಬೇಡಿ

ಗುಡ್ಡಗಾಡಿನ ಕಾಡುದಾರಿಗಳಲ್ಲಿ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೆಂದು ಮಾಡಿದ ಸೈಕಲ್) ಹೊಡೆಯಲು ಹೊರಡುವವರು ದಯವಿಟ್ಟು ಇದನ್ನು ಓದಿ. ಸೈಕಲ್ ದಾರಿಗಳನ್ನು ಹಂಚಿಕೊಳ್ಳುವ ಆ್ಯಪ್‌ನಲ್ಲಿ ಯಾರೋ ಹಾಕಿಟ್ಟ ದಾರಿಯ ಮೇಲೆ ‘ವಾಹನಗಳಿಲ್ಲ, ಪೂರ್ತಿ ಜಲ್ಲಿ ರಸ್ತೆ, ಹೊಸಬರಿಗೂ ಸುಲಭ’ ಎಂದಿರುತ್ತದೆ. ಅಂಥದ್ದೇ ಒಂದು ದಾರಿಯಲ್ಲಿ ನನ್ನ ತಂಗಿ ಬಿದ್ದು ಕಾಲರ್ ಬೋನ್ ಮುರಿದುಕೊಂಡಳು. ಸಹಾಯಕ್ಕೆ ಫೋನ್ ಮಾಡಬೇಕೆಂದರೆ ಅಲ್ಲಿ ಸಿಗ್ನಲ್ ಇರಲಿಲ್ಲ. ಸಹಾಯಕ್ಕೆ ಬಂದ ಗಾಡಿಗೆ ಒಳಗೆ ಬರಲು ದಾರಿ ಇರಲಿಲ್ಲ. ಆ ದಾರಿ ಇವತ್ತಿಗೂ ಅದೇ ಹೆಸರು, ಅದೇ ರೇಟಿಂಗ್ ಹೊತ್ತುಕೊಂಡು ಅಲ್ಲೇ ಇದೆ.

ಮೊದಲರ್ಧದ ಬಗ್ಗೆ ನನ್ನದೇನೂ ದೂರಿಲ್ಲ. ಅದು ಹಳಿ ಕಿತ್ತ ಮೇಲೆ ಉಳಿದ ಹಳೆಯ ರೈಲು ಮಾರ್ಗ. ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಮ್ಮಿ. ಹಾಗಾಗಿ ರೈಲು ಮಾರ್ಗ ಹಾಕುವವರು ಸಾಮಾನ್ಯವಾಗಿ ಶೇ. 2–3ಕ್ಕಿಂತ ಹೆಚ್ಚು ಏರು ಕೊಡದೆ ಗುಡ್ಡವನ್ನು ಸುತ್ತಿಬಳಸಿ ಹೋಗುತ್ತಾರೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಸಣ್ಣ ಜಲ್ಲಿ ಹರಡಿ ರೋಲರ್ ಹೊಡೆದಿದ್ದರು, ಎರಡೂ ಕಡೆ ಮರಗಳ ನೆರಳು, ಎಲ್ಲೂ ಹಾರ್ನ್ ಸದ್ದಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲೇ ಮಾತಾಡಿಕೊಂಡು ಹೋದೆವು. ಆಮೇಲೆ ಮನೆಗೆ ಬಂದು ಆ ದಾರಿಯ ಕೆಳಗಿದ್ದ ಅಭಿಪ್ರಾಯಗಳನ್ನೆಲ್ಲ ಮತ್ತೆ ಒಂದೊಂದಾಗಿ ಓದಿದೆ. ಎಲ್ಲರೂ ಹೊಗಳಿದ್ದು ರೈಲು ಸೇತುವೆಯನ್ನು, ಸುರಂಗವನ್ನು, ನೆರಳನ್ನು. ಸುರಂಗದಿಂದ ಆಚೆಗಿನ ಒಂದೇ ಒಂದು ತಿರುವಿನ ಬಗ್ಗೆಯೂ ಯಾರೂ ಬರೆದಿಲ್ಲ. ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂದಿರುಗಿದವರು ಇಡೀ ದಾರಿಗೆ ಸ್ಟಾರ್ ಕೊಟ್ಟಿದ್ದಾರೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ತೊಂದರೆ ಶುರುವಾಗುವುದು ಇಂಥ ಒಳ್ಳೆಯ ದಾರಿಯನ್ನು ಲೂಪ್ ಮಾಡಲು ಹೊರಟಾಗ. ಹೋದ ದಾರಿಯಲ್ಲೇ ವಾಪಸ್ ಬರುವುದು ಯಾರಿಗೂ ಇಷ್ಟವಿಲ್ಲ, ಹಾಗಾಗಿ ದಾರಿ ಹಾಕುವವರು ಪರದೆಯ ಮೇಲೆ ಎರಡು ಚುಕ್ಕೆ ಒತ್ತುತ್ತಾರೆ, ನಡುವಿನ ಕಾಡನ್ನು ಆ್ಯಪ್ ತಾನೇ ಗೆರೆ ಎಳೆದು ತುಂಬಿಸುತ್ತದೆ. ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವಕ್ಕೆ ಆಧಾರ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ, ಸ್ವಯಂಸೇವಕರೇ ಕಟ್ಟುತ್ತಿರುವ ಈ ನಕ್ಷೆಯ ಬಗ್ಗೆ ನನಗೆ ಗೌರವವಿದೆ. ಅದರಲ್ಲಿ ಕಾಡಿನ ಕಚ್ಚಾ ರಸ್ತೆಗಳನ್ನು ‘ಟ್ರ್ಯಾಕ್’ ಎಂದು ಗುರುತಿಸಿ, ನೆಲ ಎಷ್ಟು ಗಟ್ಟಿ ಎನ್ನುವುದಕ್ಕೆ ಗ್ರೇಡ್ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 1 ಎಂದರೆ ಡಾಂಬರು ಅಥವಾ ಅಷ್ಟೇ ಗಟ್ಟಿ ನೆಲ. 5 ಎಂದರೆ ಹುಲ್ಲು, ಮೆತ್ತನೆಯ ಮಣ್ಣು, ಗಾಲಿಯ ಗುರುತೂ ಸರಿಯಾಗಿ ಕಾಣದ ದಾರಿ. ಆದರೆ ಎಷ್ಟೋ ಕಾಡುದಾರಿಗಳಿಗೆ ಈ ದರ್ಜೆಯನ್ನು ಯಾರೂ ತುಂಬಿಯೇ ಇರುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಮರಗಳ ನಡುವೆ ಕಂಡ ಒಂದು ಸೀಳನ್ನು ನೋಡಿ ಯಾರೋ ಗೆರೆ ಎಳೆದಿರುತ್ತಾರೆ, ಅಷ್ಟೇ. ಆ್ಯಪ್‌ನ ಪರದೆಯಲ್ಲಿ ರೋಲರ್ ಹೊಡೆದ ಜಲ್ಲಿ ರಸ್ತೆಗೂ ಈ ಸೀಳಿಗೂ ಒಂದೇ ಬಣ್ಣ.

ಏರುತಗ್ಗಿನ ಚಿತ್ರವೂ ಅಷ್ಟೇ. ನಮ್ಮ ದಾರಿಯ ಎರಡನೆಯ ಅರ್ಧಕ್ಕೆ ಸರಾಸರಿ ಏರು ಶೇ. 6 ಎಂದು ತೋರಿಸುತ್ತಿತ್ತು. ನೆಲದ ಎತ್ತರಕ್ಕೆ ಹಲವು ನಕ್ಷೆಗಳು ಇಂದಿಗೂ ನೆಚ್ಚಿಕೊಂಡಿರುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಮಾಹಿತಿಯನ್ನು. ಅದರಲ್ಲಿ ಸುಮಾರು 30 ಮೀಟರ್‌ಗೆ ಒಂದರಂತೆ ಎತ್ತರ ಸಿಗುತ್ತದೆ. ದಟ್ಟ ಕಾಡಿನಲ್ಲಿ ಆ ರೇಡಾರ್ ಅಲೆಗಳು ನೆಲ ಮುಟ್ಟುವ ಮೊದಲೇ ಕೊಂಬೆ ಎಲೆಗಳಿಗೆ ತಾಗಿ ಹಿಂದಿರುಗಿವೆ. ಅಂದರೆ ಕಾಡಿನ ಒಳಗೆ ಅದು ಹೇಳುವುದು ಬಹುಮಟ್ಟಿಗೆ ಮರದ ನೆತ್ತಿಯ ಲೆಕ್ಕ. ಕಡಿದಾದ ಸಣ್ಣ ಏರು, ಹಳ್ಳಕ್ಕಿಳಿದು ಮತ್ತೆ ಹತ್ತುವ ತಿರುವು, ಇವೆಲ್ಲ ಈ ಲೆಕ್ಕದಲ್ಲಿ ನುಣುಪಾಗಿಬಿಡುತ್ತವೆ. ಸರಾಸರಿಯೂ ಸೇರಿಕೊಂಡರೆ ಕೇಳುವುದೇ ಬೇಡ. ಒಂದು ಕಿಲೋಮೀಟರ್‌ನಲ್ಲಿ 60 ಮೀಟರ್ ಏರಿದರೆ ಶೇ. 6 ಸರಿ. ಅದರಲ್ಲಿ 40 ಮೀಟರ್ ಏರು ಬರೀ 200 ಮೀಟರ್ ಉದ್ದದಲ್ಲಿದ್ದರೆ ಅಲ್ಲಿ ಏರು ಶೇ. 20. ಬಿಡಿ ಕಲ್ಲಿನ ಮೇಲೆ ಶೇ. 20ರ ಏರನ್ನು ಸೈಕಲ್ ಮೇಲೆ ಕೂತು ಹತ್ತುವವರು ತೀರ ಕಮ್ಮಿ. ಸೀಟಿನಿಂದ ಎದ್ದರೆ ಹಿಂದಿನ ಗಾಲಿ ಜಾರುತ್ತದೆ, ಕೂತೇ ತುಳಿದರೆ ಮುಂದಿನ ಗಾಲಿ ಮೇಲೇಳುತ್ತದೆ.

ನಾವು ಇಳಿದು ತಳ್ಳಿದೆವು. ತಳ್ಳುವಾಗ ಗಂಟೆಗೆ ಎರಡು ಮೂರು ಕಿಲೋಮೀಟರ್ ಹೋದರೆ ಹೆಚ್ಚು. ಮೇಲೆ ಹೋಗುತ್ತಿದ್ದಂತೆ ಮರ ಕಡಿಯುವ ಜಾಗ ಬಂತು. ದಾರಿಯ ಪಕ್ಕದಲ್ಲಿ ದಿಮ್ಮಿಗಳ ರಾಶಿ, ದೊಡ್ಡ ಯಂತ್ರದ ಗಾಲಿಗಳು ಮಾಡಿದ ಮೊಣಕಾಲುದ್ದದ ಗುಂಡಿಗಳು, ಅದರ ತುಂಬ ಕೆಸರು ನೀರು. ಕಾಡಿನ ರಸ್ತೆಗಳು ಇರುವುದೇ ಆ ಕೆಲಸಕ್ಕೆ. ‘ವಾಹನಗಳಿಲ್ಲ’ ಎಂದರೆ ಸಾರ್ವಜನಿಕರ ಕಾರುಗಳಿಗೆ ಪ್ರವೇಶವಿಲ್ಲ ಎಂದಷ್ಟೇ. ದಿಮ್ಮಿ ತುಂಬಿದ ಲಾರಿಗೆ ಆ ಮಾತು ಅನ್ವಯಿಸುವುದಿಲ್ಲ, ಇಳಿಜಾರಿನ ಜಲ್ಲಿಯ ಮೇಲೆ ಅದು ನಿಮ್ಮನ್ನು ಕಂಡು ತಟ್ಟನೆ ನಿಲ್ಲುವುದೂ ಇಲ್ಲ. ಯಂತ್ರದ ಸದ್ದು ಕೇಳಿದರೆ, ಕಡಿತದ ಫಲಕ ಕಂಡರೆ ಅಲ್ಲಿಂದಲೇ ತಿರುಗಿ. ಬೀಳುವ ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು ಎಂಬುದು ಮರ ಕಡಿಯುವವರು ಪಾಲಿಸುವ ನಿಯಮ. ದಿಮ್ಮಿ ರಾಶಿಯ ಮೇಲೆ ಕೂತು ಸುಧಾರಿಸಿಕೊಳ್ಳುವುದೂ ಬೇಡ, ಅದು ಉರುಳುತ್ತದೆ. ನಾವು ಹೋದ ದಿನ ಕೆಲಸ ನಡೆಯುತ್ತಿರಲಿಲ್ಲ.

“ಅಕ್ಕಾ, ಇದು ದಾರೀನೇ ಅಲ್ಲ ಕಣೇ,” ಎಂದಳು ತಂಗಿ. ನಕ್ಷೆಯಲ್ಲಿ ನಮ್ಮ ನೀಲಿ ಚುಕ್ಕೆ ಸರಿಯಾಗಿ ಗೆರೆಯ ಮೇಲೇ ಇತ್ತು.

ಅವಳು ಬಿದ್ದದ್ದು ಏರಿನಲ್ಲಲ್ಲ, ಇಳಿಜಾರಿನಲ್ಲಿ, ಅದೂ ದಾರಿ ಸುಧಾರಿಸಿತು ಎಂದುಕೊಂಡ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾಡಿನ ಇಳಿಜಾರಿನಲ್ಲಿ ಯಾರಿಗೂ ಇದು ಆಗಬಹುದು. ಮಳೆನೀರು ರಸ್ತೆಯನ್ನೇ ಕೊಚ್ಚಿಕೊಂಡು ಹೋಗದಿರಲಿ ಎಂದು ಕಡಿದಾದ ಕಾಡುರಸ್ತೆಗಳಿಗೆ ಅಲ್ಲಲ್ಲಿ ಅಡ್ಡಲಾಗಿ ಓರೆ ಚರಂಡಿ ತೋಡುತ್ತಾರೆ, ತೋಡಿದ ಮಣ್ಣನ್ನು ಅದರ ಕೆಳಬದಿಗೆ ದಿಂಡಾಗಿ ಹಾಕುತ್ತಾರೆ. ಲಾರಿಗೆ ಅದು ಒಂದು ಕುಲುಕಾಟ. ಸೈಕಲ್ಲಿಗೆ ಹಾಗಲ್ಲ, ಮುಂದಿನ ಗಾಲಿ ಚರಂಡಿಗಿಳಿದು ದಿಂಡಿಗೆ ಬಡಿಯುತ್ತದೆ. ಆ ಚರಂಡಿಯ ತುಂಬ ಒಣ ಎಲೆ ತುಂಬಿ ರಸ್ತೆಯ ಮಟ್ಟಕ್ಕೆ ಬಂದಿತ್ತು. ಬಿಸಿಲಿನಿಂದ ತಿರುವಿನ ನೆರಳಿಗೆ ಹೋದಾಗ ಕಣ್ಣಿಗೆ ಕಂಡದ್ದು ಎಲೆ ಹಾಸಿದ ದಾರಿ ಮಾತ್ರ. ಅವಳು ಮುಂದಿದ್ದಳು, ಜೋರಾಗಿಯೂ ಹೋಗುತ್ತಿರಲಿಲ್ಲ. ಗಾಲಿ ಇಳಿದ ಕ್ಷಣದಲ್ಲಿ ಕೈ ತಾನಾಗಿ ಮುಂದಿನ ಬ್ರೇಕ್ ಹಿಡಿದಿದೆ. ಬಿಡಿ ಜಲ್ಲಿಯಲ್ಲಿ ಮುಂದಿನ ಗಾಲಿ ಲಾಕ್ ಆದರೆ ಸೈಕಲ್ಲನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಭುಜದ ಮೇಲೆ ಬಿದ್ದಳು. ಹೆಲ್ಮೆಟ್ಟಿನ ಒಂದು ಬದಿ ಬಿರುಕುಬಿಟ್ಟಿತ್ತು, ತಲೆಗೆ ಏನೂ ಆಗಿರಲಿಲ್ಲ.

ಇಬ್ಬರ ಫೋನಿನಲ್ಲೂ ಸಿಗ್ನಲ್ ಇಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ನೆಟ್‌ವರ್ಕ್ ಆ ಜಾಗಕ್ಕೆ ತಲುಪುತ್ತಿದ್ದರೆ 112ರಂಥ ತುರ್ತು ಕರೆ ಅದರ ಮೂಲಕ ಹೋಗುತ್ತದೆ, ಹಾಗಾಗಿ ಪ್ರಯತ್ನ ಮಾಡಿಯೇ ನೋಡಬೇಕು. ಅಲ್ಲಿ ಯಾವುದೂ ಇರಲಿಲ್ಲ. ನನ್ನ ಜಾಕೆಟ್ಟಿನ ತೋಳನ್ನೇ ಅವಳ ಕೊರಳಿಗೆ ಕಟ್ಟಿ ಕೈಗೆ ಆಸರೆ ಕೊಟ್ಟೆ, ಬೆವರು ಆರಿ ಚಳಿ ಹಿಡಿಯದಂತೆ ಇದ್ದಬದ್ದ ಬಟ್ಟೆ ಹೊದಿಸಿದೆ. ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ. ಅವಳಿದ್ದ ಜಾಗದ ಅಕ್ಷಾಂಶ ರೇಖಾಂಶವನ್ನು ಕಾಗದದ ಮೇಲೆ ಬರೆದುಕೊಂಡು ಗುಡ್ಡದ ನೆತ್ತಿಗೆ ಓಡಿದೆ. ಕರೆ ಸಿಕ್ಕಿತು, ಆಂಬುಲೆನ್ಸ್ ಕೂಡ ಬೇಗನೇ ಹೊರಟಿತು. ಆದರೆ ಕಾಡಿನ ಬಾಯಲ್ಲಿ ಗೇಟಿಗೆ ಬೀಗ. ಸೈಕಲ್ಲನ್ನು ಪಕ್ಕದ ಸಂದಿಯಿಂದ ಎತ್ತಿ ದಾಟಿಸಿದ ಅದೇ ಗೇಟು. ಕೀಲಿ ಇದ್ದವರನ್ನು ಹುಡುಕಿ ಕರೆತರುವಷ್ಟು ಹೊತ್ತೂ ಅವಳು ಮರಕ್ಕೆ ಒರಗಿ ಹಲ್ಲು ಕಚ್ಚಿ ಕೂತಿದ್ದಳು. ವಾಹನಗಳು ಬಾರದ ದಾರಿಗೆ ಸಹಾಯದ ವಾಹನವೂ ಬಾರದು ಎನ್ನುವುದನ್ನು ಆ ದಾರಿ ಹಾಕಿದವರು ಒಂದು ಸಾಲಿನಲ್ಲಾದರೂ ಬರೆದಿದ್ದರೆ!

ಹೊರಡುವ ಮೊದಲು ಇಡೀ ದಾರಿಯನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟು ಬೆರಳಲ್ಲಿ ಹಿಂಬಾಲಿಸಿ. ಮರಗಳಡಿಯಲ್ಲಿ ಗೆರೆ ಮಾಯವಾಗುವ ಪ್ರತಿ ಜಾಗವನ್ನೂ ಅನುಮಾನದಿಂದ ನೋಡಿ. ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ಆ ತುಂಡಿಗೆ ದರ್ಜೆ ಇದೆಯೇ, ಸೈಕಲ್ ನಿಷೇಧ ಇದೆಯೇ, ಗೇಟು ಎಲ್ಲಿದೆ ಎಂದು ಹುಡುಕಿ. ಗೇಟಿನಾಚೆ ಹತ್ತಿರದ ಡಾಂಬರು ರಸ್ತೆ ಎಷ್ಟು ದೂರ ಎಂಬುದು ಏರಿನ ಲೆಕ್ಕಕ್ಕಿಂತ ಮುಖ್ಯ. ಆ್ಯಪ್ ಹೇಳುವ ಸಮಯವನ್ನು ಕಾಡಿನ ತುಂಡಿಗೆ ದುಪ್ಪಟ್ಟು ಹಿಡಿಯಿರಿ, ಕತ್ತಲಾಗುವುದರೊಳಗೆ ಹೊರಬರುವಷ್ಟು ಹೊತ್ತು ಇಟ್ಟುಕೊಳ್ಳಿ. ನಕ್ಷೆ ಆಫ್‌ಲೈನ್ ಇರಲಿ, ದಾರಿಯ ಫೈಲ್ ಮನೆಯಲ್ಲೊಬ್ಬರ ಹತ್ತಿರವೂ ಇರಲಿ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ, ಸೈಕಲ್ ನೇರವಾಗಿರುವಾಗಲೇ ವೇಗ ಕಳೆಯಿರಿ, ಎಲೆ ಗುಡ್ಡೆಬಿದ್ದ ಕಡೆ ಇಳಿದು ನಡೆಯಿರಿ. ಟೈರ್ 40 ಮಿಲಿಮೀಟರ್‌ಗಿಂತ ಅಗಲವಿದ್ದರೆ ಜಲ್ಲಿಯಲ್ಲಿ ಹಿಡಿತಕ್ಕೆ ಅನುಕೂಲ, ಆದರೆ ಚರಂಡಿಯಿಂದ ಅದು ಕಾಪಾಡುವುದಿಲ್ಲ.

ಆ ದಾರಿ ಹಾಕಿದವರಿಗೆ ಎಲ್ಲವನ್ನೂ ವಿವರವಾಗಿ ಬರೆದೆ. ‘ಸುಲಭ’ ಎಂಬುದನ್ನು ತೆಗೆಯಿರಿ, ಗೇಟಿನ ವಿಷಯ ಸೇರಿಸಿ ಎಂದು ಕೇಳಿಕೊಂಡೆ. ಉತ್ತರ ಬಂದಿಲ್ಲ. ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಆ ತುಂಡಿಗೆ ನಾನೇ ಗ್ರೇಡ್ 5 ಎಂದು ತುಂಬಿ, ಗೇಟು ಗುರುತಿಸಿದ್ದೇನೆ. ದಾರಿಗಳನ್ನು ಹಾಕುವ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೇ: ನೀವೇ ತುಳಿಯದ ತುಂಡನ್ನು ಸೇರಿಸಬೇಡಿ. ತುಳಿದಿದ್ದರೆ ಯಾವ ತಿಂಗಳು, ಎಷ್ಟು ಅಗಲದ ಟೈರಿನಲ್ಲಿ, ಎಲ್ಲೆಲ್ಲಿ ಇಳಿದು ತಳ್ಳಿದಿರಿ, ಎಲ್ಲಿಂದ ಎಲ್ಲಿಯವರೆಗೆ ಫೋನ್ ಸಿಗಲಿಲ್ಲ, ಯಾವ ಗೇಟಿಗೆ ಬೀಗವಿತ್ತು ಎಂದು ಬರೆಯಿರಿ.